ಕಟಕಟೆಗೆ ಬರುವ ಅತಿಥಿ

ಕಿರುತೆರೆಯ ನ್ಯಾಯಾಲಯ ನಾಟಕಗಳಲ್ಲಿ, ಅಂದರೆ ಪ್ರತಿ ಕಂತಿಗೂ ಒಂದು ಮೊಕದ್ದಮೆಯನ್ನು ಕೈಗೆತ್ತಿಕೊಂಡು ಆ ಕಂತಿನೊಳಗೇ ತೀರ್ಪಿನವರೆಗೆ ಒಯ್ಯುವ ಧಾರಾವಾಹಿಗಳಲ್ಲಿ, ನಟವರ್ಗವು ಎರಡು ಪಂಕ್ತಿಗಳಾಗಿ ಒಡೆದುಕೊಂಡಿರುತ್ತದೆ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಅದೇ ಮೇಜಿನ ಹಿಂದೆ ಕಾಣಿಸಿಕೊಳ್ಳುವ ವಕೀಲರು, ಪೊಲೀಸರು ಮತ್ತು ಅವರ ಸಹಾಯಕರು ಖಾಯಂ ಪಂಕ್ತಿಯವರು. ಆರೋಪಿಯಾಗಿಯೋ ಸಾಕ್ಷಿಯಾಗಿಯೋ ಸತ್ತವನ ತಾಯಿಯಾಗಿಯೋ ಒಂದು ಕಂತಿಗೆ ಬಂದು, ಕಟಕಟೆ ಹತ್ತಿ ಇಳಿದು, ಮುಂದಿನ ವಾರದ ಹೊತ್ತಿಗೆ ಮರೆಯಾಗುವವರು ಅತಿಥಿ ಪಂಕ್ತಿಯವರು. ಸಂದರ್ಶನ, ಪತ್ರಿಕೆಯ ಮುಖಪುಟ, ಅಭಿಮಾನಿಗಳ ಪತ್ರ ಇವೆಲ್ಲ ಮೊದಲನೆಯವರ ಪಾಲಿಗೆ ಸಲ್ಲುವುದು ವಾಡಿಕೆ. ಆದರೆ ಈ ಪ್ರಕಾರ ಹುಟ್ಟಿ ಬೆಳೆದ ಅಮೆರಿಕದ ಮುಖ್ಯ ಧಾರಾವಾಹಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ನಾಟಕದ ಭಾರವನ್ನು ಹೊತ್ತವರು ಎರಡನೆಯ ಪಂಕ್ತಿಯವರೆಂದೂ, ಕಟಕಟೆಗೆ ಬಂದ ಮುಖ ನೋಡುಗನಿಗೆ ಎಷ್ಟು ಅಪರಿಚಿತವೋ ಅಲ್ಲಿನ ವಿಚಾರಣೆ ಅಷ್ಟು ನಂಬಲರ್ಹವಾಗುತ್ತದೆಂದೂ ತೋರುತ್ತದೆ.

ಇದಕ್ಕೆ ಕಾರಣ ನ್ಯಾಯಾಲಯವೆಂಬ ವ್ಯವಸ್ಥೆಯ ಸ್ವಭಾವದಲ್ಲೇ ಇದೆ. ವಕೀಲನಿಗೆ, ನ್ಯಾಯಾಧೀಶನಿಗೆ, ತನಿಖಾಧಿಕಾರಿಗೆ ಯಾವ ಮೊಕದ್ದಮೆಯೂ ನೂರರಲ್ಲಿ ಒಂದು. ಅವರು ಬೆಳಿಗ್ಗೆ ಬಂದು, ಕಡತ ಬಿಚ್ಚಿ, ಸಂಜೆ ಮನೆಗೆ ಹೋಗುತ್ತಾರೆ. ಕಟಕಟೆಯಲ್ಲಿ ನಿಂತವನಿಗಾದರೋ ಅದು ಬದುಕಿನಲ್ಲಿ ಒಮ್ಮೆ ಬರುವ ದಿನ. ಖಾಯಂ ನಟನ ಮುಖದಲ್ಲಿ ಅಭ್ಯಾಸಬಲ ಕಾಣಬೇಕು, ಅತಿಥಿಯ ಮುಖದಲ್ಲಿ ಗಾಬರಿ ಕಾಣಬೇಕು. ಮೊದಲನೆಯದನ್ನು ವರ್ಷಗಳ ಪುನರಾವರ್ತನೆ ತಾನಾಗಿಯೇ ಕಲಿಸುತ್ತದೆ. ಎರಡನೆಯದನ್ನು ಹತ್ತು ನಿಮಿಷದ ದೃಶ್ಯಾವಕಾಶದಲ್ಲಿ, ತಾಲೀಮಿಗೆ ಸಮಯವಿಲ್ಲದೆ, ಪರಿಚಯವಿಲ್ಲದ ಸಹನಟರ ಎದುರು ಸಾಧಿಸಬೇಕಾಗುತ್ತದೆ.

ಪ್ರಕಾರದ ಆದಿಯಲ್ಲಿ ನಿಲ್ಲುವುದು 'ಪೆರ್ರಿ ಮೇಸನ್'. ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಬರೆದ ಪತ್ತೇದಾರಿ ಕಾದಂಬರಿಗಳ ವಕೀಲನನ್ನು ನಾಯಕನನ್ನಾಗಿಟ್ಟುಕೊಂಡು ಸಿಬಿಎಸ್ ವಾಹಿನಿಯು 1957ರಿಂದ 1966ರವರೆಗೆ 271 ಕಂತುಗಳಲ್ಲಿ ಪ್ರಸಾರ ಮಾಡಿದ ಈ ಧಾರಾವಾಹಿಯಲ್ಲಿ ರೇಮಂಡ್ ಬರ್ ಮೇಸನ್ ಆಗಿದ್ದರು. ಕಂತಿನ ಕೊನೆಗೆ ಮೇಸನ್‌ನ ಪಾಟೀಸವಾಲಿಗೆ ಸಿಲುಕಿದ ಸಾಕ್ಷಿ, ಅಥವಾ ಸಾರ್ವಜನಿಕರ ಬೆಂಚಿನಲ್ಲಿ ಕುಳಿತಿದ್ದ ಮತ್ತೊಬ್ಬ, ಎದ್ದು ನಿಂತು ಕೊಲೆ ಮಾಡಿದವನು ತಾನೇ ಎಂದು ಒಪ್ಪಿಕೊಳ್ಳುವುದು ಅಲ್ಲಿನ ಸಿದ್ಧ ಮಾದರಿಯಾಗಿತ್ತು. ಈ ಮಾದರಿಯನ್ನು ಗೇಲಿ ಮಾಡುವುದು ಸುಲಭ. ನಿಜವಾದ ನ್ಯಾಯಾಲಯಗಳಲ್ಲಿ ಹಾಗೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಆದರೆ ನಟನೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ: ಇಡೀ ಕಂತಿನ ಅತ್ಯುನ್ನತ ಕ್ಷಣವನ್ನು ನಾಯಕನ ಕೈಯಿಂದ ತೆಗೆದು ಅತಿಥಿಯ ಕೈಗೆ ಕೊಡಲಾಗಿತ್ತು. ಬರ್ ನಿಂತಲ್ಲೇ ನಿಂತು, ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಒಡೆದು ಬೀಳುತ್ತಿದ್ದವರು ಎದುರಿಗಿದ್ದವರು. ಇನ್ನೂ ಹೆಸರು ಮಾಡಿರದ ರಾಬರ್ಟ್ ರೆಡ್‌ಫರ್ಡ್ 1960ರಲ್ಲಿ ಅಲ್ಲಿ ಬಂದು ಹೋದರು.

ಆ ಧಾರಾವಾಹಿಯ ಇನ್ನೊಂದು ಘಟನೆ ಈ ವಾದಕ್ಕೆ ಎದುರು ಬದಿಯಿಂದ ಬೆಂಬಲ ಕೊಡುತ್ತದೆ. ಬರ್ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದಾಗ ನಿರ್ಮಾಪಕರು 1963ರಲ್ಲಿ ಪ್ರಸಾರವಾದ ಕೆಲವು ಕಂತುಗಳಿಗೆ ಬೇರೆ ವಕೀಲರನ್ನು ತಂದು ಕೂರಿಸಿದರು. ಬೆಟ್ಟಿ ಡೇವಿಸ್, ಮೈಕೇಲ್ ರೆನ್ನಿ, ವಾಲ್ಟರ್ ಪಿಜನ್ ಅಂಥ ಸಿನಿಮಾ ತಾರೆಗಳು ಆ ಕುರ್ಚಿಯಲ್ಲಿ ಕುಳಿತರು. ಬೆಟ್ಟಿ ಡೇವಿಸ್ ಅವರ ಕಂತು ಇಂದಿಗೂ ನೆನಪಿನಲ್ಲಿ ಉಳಿದಿರುವುದು ಬೆಟ್ಟಿ ಡೇವಿಸ್ ಅವರಿಂದಾಗಿಯೇ ಹೊರತು ಅಲ್ಲಿನ ಮೊಕದ್ದಮೆಯಿಂದಾಗಿ ಅಲ್ಲ. ಅತಿಥಿಯು ವಕೀಲನ ಜಾಗಕ್ಕೆ ಬಂದರೆ ನೋಡುಗನ ಕಣ್ಣು ಕಟಕಟೆಯನ್ನು ಬಿಟ್ಟು ವಕೀಲನ ಮೇಲೆ ನಿಲ್ಲುತ್ತದೆ, ವಿಚಾರಣೆ ಪ್ರದರ್ಶನವಾಗುತ್ತದೆ.

ಈ ಪಂಕ್ತಿಭೇದದ ಹಿಂದೆ ಹಣಕಾಸಿನ ಲೆಕ್ಕವೂ ಇದೆ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಕಿರುತೆರೆಯಲ್ಲಿ ಖಾಯಂ ನಟನಿಗೆ ಇಡೀ ಋತುವಿನ, ಅಂದರೆ ಒಂದು ವರ್ಷದ ಕಂತುಗಳ ಒಪ್ಪಂದವಿರುತ್ತದೆ; ಆಗಾಗ ಮರಳಿ ಬರುವವನು ಅದಕ್ಕಿಂತ ಕೆಳಗೆ; ಅವನ ಕೆಳಗೆ ಒಂದೇ ಕಂತಿನ ಅತಿಥಿ; ಒಂದು ದಿನದ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಕೂಲಿ ಪಡೆಯುವ 'ಡೇ ಪ್ಲೇಯರ್' ಇನ್ನೂ ಕೆಳಗೆ; ಮಾತಿಲ್ಲದೆ ಕುಳಿತುಕೊಳ್ಳುವ, ಕನ್ನಡ ಚಿತ್ರರಂಗದಲ್ಲಿ ಜ್ಯೂನಿಯರ್ ಆರ್ಟಿಸ್ಟ್ ಎನ್ನಲಾಗುವವರು ಕಟ್ಟಕಡೆಗೆ. ಅತಿಥಿಗೆ ಕೊಡುವ ಗರಿಷ್ಠ ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ, ಅದರ ಮೇಲೆ ಚೌಕಾಸಿಗೆ ಎಡೆಯಿಲ್ಲದಂತೆ ಮಾಡುವ ರೂಢಿಗೆ ಅಲ್ಲಿ 'ಟಾಪ್ ಆಫ್ ಶೋ' ಎಂದು ಹೆಸರು. ಜ್ಯೂರಿಯ ಹನ್ನೆರಡು ಮಂದಿ ಮೂಕಪಾತ್ರಗಳಾಗಿಯೇ ಉಳಿಯುವುದಕ್ಕೆ ಕಥನದ ಅಗತ್ಯ ಎಷ್ಟು ಕಾರಣವೋ ಈ ಲೆಕ್ಕವೂ ಅಷ್ಟೇ ಕಾರಣ: ಒಂದು ಮಾತು ಆಡಿದರೂ ದರ ಬದಲಾಗುತ್ತದೆ. ಜ್ಯೂರಿ ಎಂದರೆ ಆರೋಪ ಸಾಬೀತಾಗಿದೆಯೇ ಎಂಬುದನ್ನು ತೀರ್ಮಾನಿಸಲು ಆಯ್ದು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ. 1959ರ ನಾನಾವತಿ ಕೊಲೆ ಪ್ರಕರಣದ ಬಳಿಕ ಭಾರತದಲ್ಲಿ ಕ್ರಮೇಣ ಕಣ್ಮರೆಯಾದ ಪದ್ಧತಿ. ಪೆರ್ರಿ ಮೇಸನ್‌ನ ಬಹುಪಾಲು ವಿಚಾರಣೆಗಳು ಜ್ಯೂರಿ ಬೇಕಿಲ್ಲದ ಪ್ರಾಥಮಿಕ ಹಂತದಲ್ಲೇ ನಡೆದು ಮುಗಿಯುತ್ತಿದ್ದವು, ಹಾಗಾಗಿ ಅಲ್ಲಿ ಆ ಹನ್ನೆರಡು ಕುರ್ಚಿಗಳ ಖರ್ಚೂ ಇರಲಿಲ್ಲ.

ಅತಿಥಿ ನಟನೆಂಬ ಸಂಸ್ಥೆ ತನ್ನ ಪೂರ್ಣರೂಪ ಪಡೆದದ್ದು ಡಿಕ್ ವುಲ್ಫ್ ರೂಪಿಸಿದ 'ಲಾ ಅಂಡ್ ಆರ್ಡರ್' ಧಾರಾವಾಹಿಯಲ್ಲಿ. 1990ರ ಸೆಪ್ಟೆಂಬರ್ 13ರಂದು ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 2010ರ ಮೇ ತಿಂಗಳವರೆಗೆ ಇಪ್ಪತ್ತು ಋತುಗಳ 456 ಕಂತುಗಳಷ್ಟು ನಡೆದು, 2022ರಲ್ಲಿ ಮತ್ತೆ ಜೀವ ಪಡೆದ ಈ ಧಾರಾವಾಹಿಯ ವಿನ್ಯಾಸ ಸರಳ: ಮೊದಲ ಅರ್ಧದಲ್ಲಿ ಇಬ್ಬರು ಪತ್ತೇದಾರರು ಅಪರಾಧದ ತನಿಖೆ ನಡೆಸುತ್ತಾರೆ, ಉಳಿದರ್ಧದಲ್ಲಿ ಜಿಲ್ಲಾ ಅಟಾರ್ನಿಯ ಕಚೇರಿ, ಅಂದರೆ ಸರ್ಕಾರಿ ಅಭಿಯೋಜಕರ ಕಚೇರಿ, ಮೊಕದ್ದಮೆ ನಡೆಸುತ್ತದೆ. ಖಾಯಂ ಪಾತ್ರಗಳ ಮನೆ, ಮದುವೆ, ಕಾಯಿಲೆ ಇವಕ್ಕೆ ಅಲ್ಲಿ ಹೆಚ್ಚಿನ ಜಾಗವಿಲ್ಲ. ಅದರ ಪರಿಣಾಮವಾಗಿ ಯಾವ ಖಾಯಂ ನಟನೂ ಅನಿವಾರ್ಯನಾಗಿ ಉಳಿಯಲಿಲ್ಲ. ಮೊದಲ ಋತುವಿನ ಬಳಿಕ ಜಾರ್ಜ್ ಜುಂಜಾ ಹೊರಟರು, ಅವರ ಜಾಗಕ್ಕೆ ಪಾಲ್ ಸೊರ್ವಿನೋ ಬಂದರು, ಅವರೂ ಹೋಗಿ 1992ರಲ್ಲಿ ಜೆರ್ರಿ ಓರ್ಬಾಕ್ ಬಂದರು. 1994ರಲ್ಲಿ ಮೈಕೇಲ್ ಮೊರಿಯಾರ್ಟಿ ಬಿಟ್ಟ ಅಭಿಯೋಜಕನ ಕುರ್ಚಿಗೆ ಸ್ಯಾಮ್ ವಾಟರ್‌ಸ್ಟನ್ ಏರಿದರು. ಹತ್ತು ವರ್ಷ ಜಿಲ್ಲಾ ಅಟಾರ್ನಿಯಾಗಿದ್ದ ಸ್ಟೀವನ್ ಹಿಲ್ 2000ದಲ್ಲಿ ನಿವೃತ್ತರಾದ ಬಳಿಕ ಡಯಾನ್ ವೀಸ್ಟ್, ಅವರ ನಂತರ ಸೆನೆಟರ್ ಪದವಿಯಿಂದ ನೇರವಾಗಿ ಬಂದ ಫ್ರೆಡ್ ಥಾಂಪ್ಸನ್. 2010ರಲ್ಲಿ ಮೊದಲ ಸುತ್ತು ಮುಗಿಯುವಾಗ 1990ರ ಒಬ್ಬ ಖಾಯಂ ನಟನೂ ಅಲ್ಲಿರಲಿಲ್ಲ. ಅಧಿಕಾರಿ ಬದಲಾದರೂ ಕಚೇರಿ ನಡೆಯುತ್ತದೆ ಎಂಬ ಆಡಳಿತದ ಸತ್ಯವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಒಪ್ಪಿಕೊಂಡ ಮನರಂಜನೆಯ ಕೃತಿ ಅಪರೂಪ.

ಖಾಯಂ ನಟರಿಂದ ತೆಗೆದ ಜಾಗವನ್ನು ಧಾರಾವಾಹಿಯು ಅತಿಥಿಗಳಿಗೆ ಕೊಟ್ಟಿತು. ಅದರ ಮೊದಲರ್ಧದಲ್ಲಿ ಪದೇ ಪದೇ ಬರುವ ಒಂದು ಬಗೆಯ ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಪತ್ತೇದಾರರು ಒಂದು ಗೋದಾಮಿಗೋ ಹೋಟೆಲಿನ ಅಡುಗೆಮನೆಗೋ ಬಟ್ಟೆ ಒಗೆಯುವ ಅಂಗಡಿಗೋ ಹೋಗಿ, ಸತ್ತವನನ್ನು ಬಲ್ಲ ಒಬ್ಬರನ್ನು ಪ್ರಶ್ನಿಸುತ್ತಾರೆ. ಆ ವ್ಯಕ್ತಿ ಕೆಲಸ ನಿಲ್ಲಿಸುವುದಿಲ್ಲ. ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಲೇ, ತರಕಾರಿ ಹೆಚ್ಚುತ್ತಲೇ, ಅಂಗಿ ಮಡಿಸುತ್ತಲೇ ಉತ್ತರ ಕೊಡುತ್ತಾನೆ. ಒಂದು ಪ್ರಶ್ನೆಗೆ ಮಾತ್ರ ಕೈ ಅರೆಕ್ಷಣ ತಡೆಯುತ್ತದೆ, ಮತ್ತೆ ಚಲಿಸುತ್ತದೆ. ಒಂದೆರಡು ನಿಮಿಷದ ಈ ದೃಶ್ಯದಲ್ಲಿ ಡೇ ಪ್ಲೇಯರ್ ಒಬ್ಬ ಒಂದು ಕಸುಬನ್ನು, ಒಂದು ಬಡಾವಣೆಯನ್ನು, ಪೊಲೀಸರ ಬಗ್ಗೆ ಆ ಬಡಾವಣೆಗಿರುವ ಅಪನಂಬಿಕೆಯನ್ನು ತೋರಿಸಿ ಹೋಗುತ್ತಾನೆ. ಅವನಿಗೆ ಸತ್ತವನಿಗಿಂತ ಸಂಜೆಯೊಳಗೆ ಮುಗಿಯಬೇಕಾದ ಕೆಲಸ ದೊಡ್ಡದು ಎಂಬುದು ಕ್ರೂರವಾಗಿ ಕಾಣಬಹುದಾದರೂ ನಗರದ ಬದುಕಿಗೆ ಅದು ನಿಷ್ಠವಾದ ಚಿತ್ರ. ಹೀಗೆ ಬಂದು ಹೋಗುವವರು ಸಾಲು ಸಾಲಾಗಿ ಸೇರಿದಾಗ ಮೂಡುವುದು ನ್ಯೂಯಾರ್ಕ್ ನಗರ. ಆ ಧಾರಾವಾಹಿಗೆ ಯಾರಾದರೂ ನಾಯಕರಿದ್ದರೆ ಅದು ಆ ನಗರವೇ.

ಇದು ಸಾಧ್ಯವಾದದ್ದು ಚಿತ್ರೀಕರಣ ಲಾಸ್ ಏಂಜಲೀಸಿನಲ್ಲಿ ನಡೆಯದೆ ನ್ಯೂಯಾರ್ಕಿನಲ್ಲಿ ನಡೆದುದರಿಂದ. ಅಲ್ಲಿನ ಬ್ರಾಡ್‌ವೇ ಮತ್ತು ಅದರ ಆಚೆಯ ಸಣ್ಣ ರಂಗಮಂದಿರಗಳಲ್ಲಿ ದುಡಿಯುವ ನೂರಾರು ನಟರು ಮಾತಿನ ಮೇಲೆ ಹಿಡಿತವುಳ್ಳವರು, ಉದ್ದದ ಸಂಭಾಷಣೆಯನ್ನು ಒಂದು ರಾತ್ರಿಯಲ್ಲಿ ಕಂಠಸ್ಥ ಮಾಡಿಕೊಳ್ಳಬಲ್ಲವರು, ಸಂಜೆ ರಂಗಕ್ಕೆ ಹೋಗುವ ಮುನ್ನ ಹಗಲಿನಲ್ಲಿ ಬಿಡುವಾಗಿರುವವರು. ಇಷ್ಟೆಲ್ಲ ಇದ್ದೂ ದೇಶದ ಉಳಿದ ಭಾಗಕ್ಕೆ ಅವರ ಮುಖ ಗೊತ್ತಿಲ್ಲ. ಪ್ರತಿಭೆಯೂ ಅಜ್ಞಾತತೆಯೂ ಒಟ್ಟಿಗೆ ದೊರೆಯುವ ಇಂಥ ಪೇಟೆ ಅಮೆರಿಕದಲ್ಲಿ ಇನ್ನೊಂದಿರಲಿಲ್ಲ. ಬ್ರಾಡ್‌ವೇಯ ಪ್ರೇಕ್ಷಕರಿಗೆ ಹಂಚುವ 'ಪ್ಲೇಬಿಲ್' ಪುಸ್ತಿಕೆಯಲ್ಲಿ ಪ್ರತಿ ನಟನ ಪರಿಚಯದಲ್ಲೂ ಈ ಧಾರಾವಾಹಿಯ ಹೆಸರು ಇದ್ದೇ ಇರುತ್ತದೆ ಎಂಬುದು ಅಲ್ಲಿನ ಹಳೆಯ ತಮಾಷೆ. ಫಿಲಿಪ್ ಸೀಮೋರ್ ಹಾಫ್‌ಮನ್, ಕ್ಲೇರ್ ಡೇನ್ಸ್, ಸಾರಾ ಪಾಲ್ಸನ್ ಮೊದಲಾದವರು ತೊಂಬತ್ತರ ದಶಕದ ಮೊದಲರ್ಧದಲ್ಲಿ ಯಾರೆಂದು ತಿಳಿಯದ ಹೊತ್ತಿನಲ್ಲೇ ಅಲ್ಲಿ ಕಾಣಿಸಿಕೊಂಡರು. ರಂಗಭೂಮಿಯ ಹಿರಿಯ ನಟಿ ಎಲೇನ್ ಸ್ಟ್ರಿಚ್ ಪ್ರತಿವಾದಿ ವಕೀಲೆಯಾಗಿ ಬಂದ ಕಂತು ಅವರಿಗೆ 1993ರಲ್ಲಿ ಅತಿಥಿ ನಟಿಯ ಎಮ್ಮಿ, ಅಂದರೆ ಅಮೆರಿಕದ ಕಿರುತೆರೆಯ ಪ್ರಶಸ್ತಿ, ತಂದುಕೊಟ್ಟಿತು.

ಅಪರಿಚಿತತೆಯ ಮೇಲೆ ನಿರ್ಮಾಪಕರಿಗಿದ್ದ ಭರವಸೆ ಎಷ್ಟರಮಟ್ಟಿನದೆಂದರೆ, ಒಬ್ಬನೇ ನಟನನ್ನು ಬೇರೆ ಬೇರೆ ಪಾತ್ರಗಳಲ್ಲಿ ಮರಳಿ ತರಲು ಅವರು ಹಿಂಜರಿಯಲಿಲ್ಲ. ಪತ್ತೇದಾರ ಲೆನ್ನಿ ಬ್ರಿಸ್ಕೋ ಆಗಿ ಹನ್ನೆರಡು ವರ್ಷ ಮನೆಮಾತಾದ ಜೆರ್ರಿ ಓರ್ಬಾಕ್, ಅದಕ್ಕೆ ಹಿಂದಿನ ಋತುವಿನಲ್ಲಿ ಒಬ್ಬ ಪ್ರತಿವಾದಿ ವಕೀಲನಾಗಿ ಬಂದಿದ್ದರು. 1975ರಲ್ಲಿ 'ಶಿಕಾಗೋ' ಸಂಗೀತ ನಾಟಕದ ಮೊದಲ ಪ್ರಯೋಗದಲ್ಲಿ ಧೂರ್ತ ವಕೀಲ ಬಿಲ್ಲಿ ಫ್ಲಿನ್ ಆಗಿದ್ದವರಿಗೆ ಆ ಕೆಲಸ ಹೊಸತೇನಲ್ಲ. 1993ರಿಂದ ಲೆಫ್ಟಿನೆಂಟ್ ಅನಿಟಾ ವ್ಯಾನ್ ಬ್ಯೂರನ್ ಆದ ಎಸ್. ಇಪೇಥಾ ಮರ್ಕರ್ಸನ್ ಮೊದಲ ಋತುವಿನಲ್ಲಿ, ಗುಂಡೇಟಿಗೆ ಮಗುವನ್ನು ಕಳೆದುಕೊಂಡ ತಾಯಿಯಾಗಿದ್ದರು. ಆ ತಾಯಿಯ ಪಾತ್ರದ ಸಂಯಮವೇ ಮುಂದೆ ಅವರಿಗೆ ಠಾಣೆಯ ಮುಖ್ಯಸ್ಥೆಯ ಪಾತ್ರ ದೊರಕಲು ದಾರಿ ಮಾಡಿತೆಂದು ಊಹಿಸಿದರೆ ತಪ್ಪಾಗದು. ದುಃಖಿಸುವವಳ ಜಾಗದಿಂದ ತನಿಖೆ ನಡೆಸುವವಳ ಜಾಗಕ್ಕೆ ಒಬ್ಬಳೇ ನಟಿ ದಾಟಿದಾಗ, ಎರಡು ಪಂಕ್ತಿಗಳ ನಡುವಣ ಗೆರೆ ಪ್ರತಿಭೆ ಎಳೆದದ್ದಲ್ಲ, ಒಪ್ಪಂದದ ಕಾಗದ ಎಳೆದದ್ದು ಎಂಬುದು ಬಯಲಾಗುತ್ತದೆ.

ಇಲ್ಲಿಂದ ತಾರಾ ಅತಿಥಿಗಳ ಸಮಸ್ಯೆಗೆ ಬರಬಹುದು. ಅಪರಾಧ ಸಾಬೀತಾಗುವವರೆಗೆ ಆರೋಪಿಯನ್ನು ನಿರಪರಾಧಿಯೆಂದೇ ಭಾವಿಸಬೇಕು ಎಂಬುದು ಇಂಗ್ಲಿಷ್ ಮೂಲದ ಎಲ್ಲ ನ್ಯಾಯಪದ್ಧತಿಗಳ ಅಡಿಗಲ್ಲು. ಭಾರತದ ದಂಡನ್ಯಾಯವೂ ಅದರ ಮೇಲೆಯೇ ನಿಂತಿದೆ. ಆದರೆ ಮೂವರು ಶಂಕಿತರಲ್ಲಿ ಇಬ್ಬರು ಅಜ್ಞಾತರಾಗಿದ್ದು ಮೂರನೆಯವನು ಹೆಸರಾಂತ ನಟನಾಗಿದ್ದರೆ, ಅಷ್ಟು ದುಬಾರಿ ನಟನನ್ನು ಸುಮ್ಮನೆ ಕರೆಸಿರುವುದಿಲ್ಲ ಎಂಬ ಒಂದೇ ತರ್ಕದಿಂದ ನೋಡುಗ ಕಂತಿನ ಹತ್ತನೆಯ ನಿಮಿಷದಲ್ಲೇ ತೀರ್ಪು ಕೊಟ್ಟುಬಿಡುತ್ತಾನೆ. ಸಾಕ್ಷ್ಯ ಬರುವ ಮೊದಲೇ ಮುಖ ಸಾಕ್ಷ್ಯವಾಗುತ್ತದೆ. ಜೂಲಿಯಾ ರಾಬರ್ಟ್ಸ್ 1999ರಲ್ಲಿ 'ಲಾ ಅಂಡ್ ಆರ್ಡರ್'ಗೆ ಬಂದಾಗ, ಅದರ ಕವಲಾದ 'ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್'ಗೆ ರಾಬಿನ್ ವಿಲಿಯಮ್ಸ್ 2008ರಲ್ಲಿ ಬಂದಾಗ, ಅವರ ನಟನೆಯಲ್ಲಿ ಕೊರತೆಯಿರಲಿಲ್ಲ; ರಾಬರ್ಟ್ಸ್ ಎಮ್ಮಿಗೆ ನಾಮನಿರ್ದೇಶನಗೊಂಡರು, ವಿಲಿಯಮ್ಸ್ ಅಧಿಕಾರವನ್ನು ಅಣಕಿಸುವ ಮನುಷ್ಯನಾಗಿ ಭಯ ಹುಟ್ಟಿಸಿದರು. ಆದರೂ ಆ ಕಂತುಗಳಲ್ಲಿ ನ್ಯಾಯಾಲಯ ಹಿನ್ನೆಲೆಯ ಪರದೆಯಷ್ಟೇ ಆಗಿ ಉಳಿಯುತ್ತದೆ. ಇನ್ನೂ ಒಂದು ತೊಡಕಿದೆ. ಈ ಧಾರಾವಾಹಿಯ ಕಥೆಗಳಲ್ಲಿ ಹಲವು ಪತ್ರಿಕೆಯಲ್ಲಿ ವರದಿಯಾದ ನೈಜ ಪ್ರಕರಣಗಳಿಂದ ಎತ್ತಿಕೊಂಡವು. ಅಜ್ಞಾತ ನಟ ಆ ಜಾಗದಲ್ಲಿ ನಿಂತಾಗ ನೋಡುಗ ಪ್ರಕರಣವನ್ನು ಹೊಸದಾಗಿ ತೂಗಬಲ್ಲ, ತಾರೆ ನಿಂತಾಗ ತಾರೆಯನ್ನು ಮಾತ್ರ ತೂಗುತ್ತಾನೆ.

ಪರಿಚಿತ ಮುಖ ಎಲ್ಲೆಡೆಯೂ ಕೇಡೆಂದು ಇದರಿಂದ ತಿಳಿಯಬೇಕಿಲ್ಲ. 2009ರಿಂದ 2016ರವರೆಗೆ ಸಿಬಿಎಸ್‌ನಲ್ಲಿ ಬಂದ 'ದ ಗುಡ್ ವೈಫ್' ಈ ಆಕ್ಷೇಪಕ್ಕೆ ಜಾಣತನದ ಉತ್ತರ ಕೊಟ್ಟಿತು. ಕಥೆ ಶಿಕಾಗೋದಲ್ಲಿ ನಡೆದರೂ ಚಿತ್ರೀಕರಣ ನ್ಯೂಯಾರ್ಕಿನಲ್ಲೇ ಆದುದರಿಂದ ಅದಕ್ಕೂ ರಂಗನಟರ ಅದೇ ಪೇಟೆ ಒದಗಿತು. ಆದರೆ ಅದು ಹೆಸರುಳ್ಳ ಅತಿಥಿಗಳನ್ನು ಕಟಕಟೆಗಿಂತ ಹೆಚ್ಚಾಗಿ ನ್ಯಾಯಪೀಠದಲ್ಲೂ ಎದುರು ವಕೀಲರ ಮೇಜಿನಲ್ಲೂ ಕೂರಿಸಿ, ಋತುವಿಗೆ ಒಂದೆರಡು ಬಾರಿ ಮರಳಿ ಕರೆಯಿತು. ಯಾವುದೇ ಊರಿನ ನ್ಯಾಯಾಲಯದ ಆವರಣದಲ್ಲಿ ದಶಕ ಕಳೆದ ವಕೀಲನಿಗೆ ಪ್ರತಿ ನ್ಯಾಯಾಧೀಶರ ಚಾಳಿ, ಪ್ರತಿ ಎದುರಾಳಿಯ ವರಸೆ ಗೊತ್ತಿರುವಂತೆ, ನೋಡುಗನಿಗೂ ಕ್ರಮೇಣ ಇಂಥ ಪೀಠದ ಮುಂದೆ ಇಂಥ ಮಾತು ನಡೆಯದು ಎಂಬ ಅಂದಾಜು ಸಿಗುತ್ತದೆ. ಕಾನೂನಿನ ಬದಿಯವರು ಪರಿಚಿತರಾಗಿದ್ದಷ್ಟೂ ಚೆನ್ನ, ಏಕೆಂದರೆ ಅವರು ಹೇಗೂ ನಾಳೆ ಮತ್ತೆ ಅಲ್ಲಿರುವವರು. ಮಾರ್ಥಾ ಪ್ಲಿಂಪ್ಟನ್ 2012ರಲ್ಲಿ, ಕ್ಯಾರಿ ಪ್ರೆಸ್ಟನ್ 2013ರಲ್ಲಿ ಇಂಥ ಎದುರು ವಕೀಲೆ, ಜತೆ ವಕೀಲೆಯರ ಪಾತ್ರಗಳಿಗೇ ಎಮ್ಮಿ ಪಡೆದರು. ಪ್ರೆಸ್ಟನ್ ಅವರ ಎಲ್ಸ್‌ಬೆತ್ ಟಾಸ್ಕಿಯೋನಿ 2024ರಲ್ಲಿ ಸ್ವಂತ ಧಾರಾವಾಹಿಯ ನಾಯಕಿಯೇ ಆದಳು.

ಆ ಸಾಲಿನಲ್ಲಿ ಹೆಚ್ಚು ಚರ್ಚೆಗೆ ಅರ್ಹವಾದದ್ದು ಮೈಕೇಲ್ ಜೆ. ಫಾಕ್ಸ್ ಅವರ ಲೂಯಿಸ್ ಕ್ಯಾನಿಂಗ್. ಫಾಕ್ಸ್ ಪಾರ್ಕಿನ್ಸನ್ ಕಾಯಿಲೆಯುಳ್ಳವರೆಂಬುದು ಜಗತ್ತಿಗೇ ಗೊತ್ತಿದ್ದ ಸಂಗತಿ. ಅವರಿಗೆ ಕೊಟ್ಟದ್ದು, ಔಷಧದ ದುಷ್ಪರಿಣಾಮದಿಂದ ಅಂಗಾಂಗಗಳು ಹತೋಟಿ ತಪ್ಪಿ ಅಲುಗುವ ಟಾರ್ಡಿವ್ ಡಿಸ್ಕಿನೇಸಿಯಾ ಎಂಬ ತೊಂದರೆಯುಳ್ಳ ವಕೀಲನ ಪಾತ್ರ. ಕ್ಯಾನಿಂಗ್ ಜ್ಯೂರಿಯ ಮುಂದೆ ಬಂದು ತನ್ನ ಕಾಯಿಲೆಯನ್ನು ವಿನಯದಿಂದ ವಿವರಿಸುತ್ತಾನೆ, ತನ್ನ ಚಲನೆಗಳಿಂದ ಗಮನ ಕದಡಿದರೆ ಮನ್ನಿಸಬೇಕೆಂಬ ಧಾಟಿಯಲ್ಲಿ ನಿಲ್ಲುತ್ತಾನೆ, ಎದುರು ವಕೀಲರು ಆಕ್ಷೇಪಿಸಲೂ ಆಗದೆ ಸುಮ್ಮನಿರಲೂ ಆಗದೆ ಚಡಪಡಿಸುತ್ತಾರೆ, ಅವನು ಕೋಟಿಗಟ್ಟಲೆ ಡಾಲರುಗಳ ಕಂಪನಿಗಳ ಪರವಾಗಿ ನಿಂತವನೆಂಬುದು ಅಷ್ಟರಲ್ಲಿ ಮರೆತೇಹೋಗಿರುತ್ತದೆ. ನಟನ ಮೇಲೆ ಲೋಕಕ್ಕಿರುವ ಸಹಾನುಭೂತಿಯನ್ನೇ ಪಾತ್ರದ ಕುಟಿಲತೆಗೆ ಆಯುಧವಾಗಿ ತಿರುಗಿಸಿದ ಈ ಜೋಡಣೆಯಲ್ಲಿ ನೋಡುಗನೂ ಆ ಜ್ಯೂರಿಯ ಹದಿಮೂರನೆಯ ಸದಸ್ಯನಾಗಿ ಮೋಸ ಹೋಗುತ್ತಾನೆ. ತಾರಾ ಅತಿಥಿ ವಿಚಾರಣೆಯನ್ನು ಕೆಡಿಸುವ ಬದಲು ಅದರ ದೌರ್ಬಲ್ಯವನ್ನು ತೋರಿಸಿಕೊಟ್ಟ ವಿರಳ ಉದಾಹರಣೆ ಇದು.

ಅತಿಥಿಯೇ ಮನೆಯ ಯಜಮಾನನಾದ ಪ್ರಸಂಗವೂ ಉಂಟು. ಡೇವಿಡ್ ಇ. ಕೆಲ್ಲಿ ಅವರ 'ದ ಪ್ರಾಕ್ಟಿಸ್' ಧಾರಾವಾಹಿಯ ಖರ್ಚನ್ನು ಎಬಿಸಿ ವಾಹಿನಿ 2003ರಲ್ಲಿ ತೀವ್ರವಾಗಿ ಕಡಿತಗೊಳಿಸಿದಾಗ ಖಾಯಂ ನಟರಲ್ಲಿ ಹಲವರನ್ನು ಒಮ್ಮೆಗೇ ಕೈಬಿಡಲಾಯಿತು. ಅವರ ಜಾಗಕ್ಕೆ ಜೇಮ್ಸ್ ಸ್ಪೇಡರ್, ಅವರ ಬೆನ್ನಿಗೆ ಅತಿಥಿಯಾಗಿ ವಿಲಿಯಂ ಶಾಟ್ನರ್ ಬಂದರು. 2004ರಲ್ಲಿ ಇಬ್ಬರಿಗೂ ಎಮ್ಮಿ ಬಂತು, ಅದೇ ವರ್ಷ ಅವರಿಬ್ಬರನ್ನು ಮುಂದಿಟ್ಟುಕೊಂಡು 'ಬಾಸ್ಟನ್ ಲೀಗಲ್' ಶುರುವಾಯಿತು. ಅದು ಚುರುಕಾದ, ನಗೆಯುಕ್ಕಿಸುವ ಕೃತಿ. ಆದರೆ ಅಲ್ಲಿ ಕಕ್ಷಿದಾರರ ಮುಖಗಳು ನೆನಪಿನಲ್ಲಿ ಉಳಿಯುವುದಿಲ್ಲ. ಮೊಕದ್ದಮೆ ಮುಗಿದ ಮೇಲೆ ಬಾಲ್ಕನಿಯಲ್ಲಿ ಚುರುಟು ಸೇದುತ್ತ ಕೂರುವ ಇಬ್ಬರು ವಕೀಲರ ಗೆಳೆತನ ಉಳಿಯುತ್ತದೆ.

ಕನ್ನಡ ಕಿರುತೆರೆಯಲ್ಲಿ ನ್ಯಾಯಾಲಯದ ದೃಶ್ಯಗಳಿಗೆ ಗೌರವದ ಸ್ಥಾನ ತಂದುಕೊಟ್ಟವರು ಟಿ. ಎನ್. ಸೀತಾರಾಮ್. 'ಮುಕ್ತ', 'ಮುಕ್ತ ಮುಕ್ತ'ಗಳಲ್ಲಿ ನಿರ್ದೇಶಕರೇ ವಕೀಲ ಸಿಎಸ್‌ಪಿ ಆಗಿ ಕರಿಕೋಟು ತೊಟ್ಟು ಪಾಟೀಸವಾಲಿಗೆ ನಿಂತಾಗ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುತ್ತಿದ್ದುದು ಕನ್ನಡಿಗರಿಗೆ ತಿಳಿದದ್ದೇ. ಅಮೆರಿಕದ ಮಾದರಿಗೂ ಇದಕ್ಕೂ ಇರುವ ಅಂತರ ಮೂಲಭೂತವಾದುದು. ದಿನವೂ ಬರುವ ಧಾರಾವಾಹಿಯಲ್ಲಿ ಒಂದು ಕಂತಿನ ಅತಿಥಿ ಎಂಬ ಕಲ್ಪನೆಗೇ ಜಾಗ ಕಡಿಮೆ. ಕಟಕಟೆಗೆ ಬಂದವರ ಮನೆ, ಸಾಲ, ಮಗಳ ಮದುವೆಯ ಚಿಂತೆ ಎಲ್ಲವೂ ನೋಡುಗನಿಗೆ ನೂರಾರು ಕಂತುಗಳಿಂದ ಗೊತ್ತಿರುತ್ತವೆ. ಯಾರು ಸುಳ್ಳು ಹೇಳುತ್ತಿದ್ದಾರೆಂದು ನ್ಯಾಯಾಧೀಶರಿಗಿಂತ ಮೊದಲು ಅವನಿಗೆ ತಿಳಿದಿರುತ್ತದೆ. ಹಾಗಾಗಿ ಅಲ್ಲಿನ ಕುತೂಹಲ ನಡೆದದ್ದೇನು ಎಂಬುದರ ಬಗ್ಗೆ ಹುಟ್ಟುವುದಿಲ್ಲ, ತಾವೆಲ್ಲ ಬಲ್ಲ ಸತ್ಯವನ್ನು ಕಾನೂನು ತನ್ನ ಭಾಷೆಯಲ್ಲಿ ಒಪ್ಪಿಕೊಂಡೀತೇ ಎಂಬುದರ ಬಗ್ಗೆ ಹುಟ್ಟುತ್ತದೆ. ಅಪರಿಚಿತನನ್ನು ನ್ಯಾಯವಾಗಿ ತೂಗುವ ಕಷ್ಟ ಅಲ್ಲಿ ನೋಡುಗನ ಪಾಲಿಗೆ ಬರುವುದೇ ಇಲ್ಲ. ಅವನು ಮೊದಲಿನಿಂದಲೂ ಒಂದು ಪಕ್ಷದವನು. ಎರಡಕ್ಕೂ ತಮ್ಮದೇ ಬೆಲೆಯಿದೆಯಾದರೂ, ಪ್ರಜೆಯೊಬ್ಬನಿಗೆ ತೀರ್ಪಿನ ಶಿಸ್ತನ್ನು ಕಲಿಸುವ ಕೆಲಸವನ್ನು ಮೊದಲನೆಯ ಮಾದರಿಯೇ ಹೆಚ್ಚು ಮಾಡುತ್ತದೆ.

ಅಪರಿಚಿತತೆಯ ಈ ಸಿದ್ಧಾಂತಕ್ಕೆ ಒಂದು ಗಂಭೀರ ತಕರಾರು ಉಳಿಯುತ್ತದೆ. ಮುಖ ಅಪರಿಚಿತವಾದರೂ ಬಣ್ಣ, ಉಚ್ಚಾರ, ಉಡುಪು ಅಪರಿಚಿತವಲ್ಲ. ಯಾವ ಬಣ್ಣದ ನಟನನ್ನು ಆರೋಪಿಯ ಕುರ್ಚಿಗೆ, ಯಾವ ಬಣ್ಣದವನನ್ನು ವಕೀಲನ ಕುರ್ಚಿಗೆ ಕರೆಯುತ್ತಾರೆ ಎಂಬ ಆಯ್ಕೆಯಲ್ಲೇ ಪೂರ್ವಗ್ರಹ ಒಳಸೇರಬಹುದು. 'ಲಾ ಅಂಡ್ ಆರ್ಡರ್' ಈ ಅಪಾಯವನ್ನು ಬಲ್ಲದಾಗಿತ್ತು, ಅದರ ಆರೋಪಿಗಳಲ್ಲಿ ಹಣವಂತ ಬಿಳಿಯರ ಸಂಖ್ಯೆ ನಗರದ ನೈಜ ನ್ಯಾಯಾಲಯಗಳಲ್ಲಿ ಕಾಣುವುದಕ್ಕಿಂತ ಎಷ್ಟೋ ಹೆಚ್ಚು. ಆದರೆ ಅದೇ ಧಾರಾವಾಹಿ, 1993ರಲ್ಲಿ ಮಹಿಳಾ ಪಾತ್ರಗಳು ಬೇಕೆಂದು ವಾಹಿನಿ ಪಟ್ಟು ಹಿಡಿದಾಗ, ಡ್ಯಾನ್ ಫ್ಲೋರೆಕ್ ಜೊತೆಗೆ ರಿಚರ್ಡ್ ಬ್ರೂಕ್ಸ್ ಅವರನ್ನೂ ಕೈಬಿಟ್ಟಿತು. ಬ್ರೂಕ್ಸ್ ಮೊದಲ ಮೂರು ಋತುಗಳಲ್ಲಿ ಪಾಲ್ ರಾಬಿನೆಟ್ ಎಂಬ ಕಪ್ಪು ಸಹಾಯಕ ಅಭಿಯೋಜಕನಾಗಿದ್ದರು. 1996ರಲ್ಲಿ ರಾಬಿನೆಟ್ ಒಂದು ಕಂತಿನ ಅತಿಥಿಯಾಗಿ ಮರಳಿದ, ಈ ಬಾರಿ ಪ್ರತಿವಾದಿ ವಕೀಲನಾಗಿ, ಬಿಳಿಯ ಕುಟುಂಬ ದತ್ತು ಪಡೆದ ತನ್ನ ಮಗುವನ್ನು ಹಿಂದಕ್ಕೆ ಬಯಸುವ ಕಪ್ಪು ತಾಯಿಯೊಬ್ಬಳ ಪರವಾಗಿ. ಖಾಯಂ ಪಂಕ್ತಿಯಲ್ಲಿದ್ದಾಗ ಕಚೇರಿಯ ಮಿತಿಯೊಳಗೆ ಮಾತನಾಡುತ್ತಿದ್ದ ಆ ಪಾತ್ರ, ಒಂದು ಕಂತಿನ ಅತಿಥಿಯಾದಾಗಲೇ ಆ ಕಚೇರಿಯನ್ನು ನೇರವಾಗಿ ಪ್ರಶ್ನಿಸುವಷ್ಟು ಸ್ವತಂತ್ರವಾಯಿತು. ಹತ್ತು ವರ್ಷಗಳ ಬಳಿಕ, 2006ರಲ್ಲಿ, ಬ್ರೂಕ್ಸ್ ಅವರನ್ನು ಮತ್ತೊಮ್ಮೆ ಕರೆದಾಗಲೂ ಅವರಿಗೆ ಕೊಟ್ಟದ್ದು ಎದುರು ಮೇಜಿನ ಕುರ್ಚಿಯನ್ನೇ.